ಗೋಡೆಯ ಮೇಲಿನ ಸವಿತಾ

2018ರ ಮೇ ತಿಂಗಳ ಕೊನೆಯ ವಾರ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ಒಂದು ಗೋಡೆಯ ಮುಂದೆ ಜನ ಸೇರತೊಡಗಿದರು. ಪೋರ್ಟೊಬೆಲ್ಲೊ ಎಂಬ ಬಡಾವಣೆಯ ಆ ಗೋಡೆಯ ಮೇಲೆ ಏಕ್ಸ್ ಎಂಬ ಹೆಸರಿನ ಬೀದಿ ಕಲಾವಿದ ಒಬ್ಬ ಯುವತಿಯ ನಗುಮುಖವನ್ನು ದೊಡ್ಡದಾಗಿ ಬಿಡಿಸಿದ್ದ. ಜನ ಅದರ ಬುಡದಲ್ಲಿ ಹೂವಿಟ್ಟರು, ಮೇಣದಬತ್ತಿ ಹಚ್ಚಿದರು, ಪುಟ್ಟ ಪುಟ್ಟ ಅಂಟುಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಿದರು. ಆ ಚೀಟಿಗಳನ್ನು ಡಬ್ಲಿನ್ ನಗರ ಗ್ರಂಥಾಲಯದ ಪತ್ರಾಗಾರ ಈಗ ಜೋಪಾನವಾಗಿ ಇಟ್ಟುಕೊಂಡಿದೆ. ಚಿತ್ರದಲ್ಲಿದ್ದವಳು ಸವಿತಾ ಹಾಲಪ್ಪನವರ. ಊರು ಬೆಳಗಾವಿ.

ಸವಿತಾ ದಂತವೈದ್ಯೆ. 2012ರ ಅಕ್ಟೋಬರಿನಲ್ಲಿ ಹದಿನೇಳು ವಾರದ ಬಸುರಿಯಾಗಿದ್ದಾಗ ಗಾಲ್ವೇ ನಗರದ ಆಸ್ಪತ್ರೆ ಸೇರಿದಳು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ಗೊತ್ತಾಗಿತ್ತು. ಹಾಗಿದ್ದರೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಳು. ಭ್ರೂಣದ ಎದೆಬಡಿತ ಇನ್ನೂ ನಿಂತಿರಲಿಲ್ಲವಾದ್ದರಿಂದ ಅವರು ಒಪ್ಪಲಿಲ್ಲ. ಅಕ್ಟೋಬರ್ 28ರಂದು, ರಕ್ತಕ್ಕೆ ಸೋಂಕು ಏರಿ, 31ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಸೋಂಕನ್ನು ಸಕಾಲಕ್ಕೆ ಗುರುತಿಸದೆ ಹೋದದ್ದು, ಎದೆಬಡಿತ ನಿಲ್ಲಲಿ ಎಂದು ಕಾಯುತ್ತ ಕುಳಿತದ್ದು, ಎರಡನ್ನೂ ಆಮೇಲಿನ ತನಿಖೆ ಎತ್ತಿ ತೋರಿಸಿತು. ಆ ಕಾಯುವಿಕೆಯ ಹಿಂದೆ ಒಂದು ಕಾನೂನಿತ್ತು. 1983ರಲ್ಲಿ ಸುಮಾರು ಶೇ. 67ರಷ್ಟು ಮತದಾರರು ಒಪ್ಪಿ ಸಂವಿಧಾನಕ್ಕೆ ಸೇರಿಸಿದ ಎಂಟನೆಯ ತಿದ್ದುಪಡಿ, ತಾಯಿಯ ಜೀವದ ಹಕ್ಕು ಮತ್ತು ಹುಟ್ಟದ ಜೀವದ ಹಕ್ಕು ಸಮಾನ ಎಂದಿತ್ತು. 2018ರ ಮೇ 25ರಂದು ಶೇ. 66.4ರಷ್ಟು ಜನ ಅದನ್ನು ಕಿತ್ತುಹಾಕಲು ಮತ ಹಾಕಿದರು. ಗೋಡೆಯ ಮೇಲಿನ ಸವಿತಾ ಆ ಮತದಾನದ ದಿನಗಳಲ್ಲಿ ಮೂಡಿದವಳು.

ಈ ಕಥೆಯನ್ನು ಕೇಳಿದವರಿಗೆ ಮನಸ್ಸು ಕಲಕದೆ ಇರದು. ಆದರೆ ಮನಸ್ಸು ಕಲಕಿತು ಎಂಬಲ್ಲಿಗೆ ಚಿತ್ರದ ಬಗೆಗಿನ ಪ್ರಶ್ನೆ ಮುಗಿಯುವುದಿಲ್ಲ. ಸತ್ತ ಹೆಣ್ಣೊಬ್ಬಳ ಮುಖವನ್ನು ನಮ್ಮ ಹೋರಾಟಕ್ಕೆ ಎತ್ತಿಕೊಳ್ಳುವುದು ಸರಿಯೇ? ಆಕೆಯನ್ನು ಯಾರೂ ಕೇಳಿಲ್ಲ, ಇನ್ನು ಕೇಳುವಂತೆಯೂ ಇಲ್ಲ. ಗಾಲ್ವೇಯ ಭಾರತೀಯ ಮಕ್ಕಳಿಗೆ ಕುಣಿತ ಹೇಳಿಕೊಡುತ್ತಿದ್ದ ಹೆಣ್ಣುಮಗಳು ಗೋಡೆಗೇರಿದ ಮೇಲೆ ಒಂದು ವಾದದ ಗುರುತಾಗಿ ಉಳಿದಳು. ಕೊನೆಯ ವಾರದಲ್ಲಿ ತನ್ನ ಮೈಯ ಮೇಲೆ ಆಕೆಯ ಮಾತು ನಡೆಯಲಿಲ್ಲ. ಸತ್ತ ಮೇಲೆ ತನ್ನ ಮುಖದ ಮೇಲೂ ನಡೆಯಲಿಲ್ಲ ಎಂದು ಯಾರಾದರೂ ಅಂದರೆ ಸುಮ್ಮನೆ ತಳ್ಳಿಹಾಕುವಂತಿಲ್ಲ.

ಇದಕ್ಕೆ ಒಂದು ಉತ್ತರ ಬೆಳಗಾವಿಯಿಂದಲೇ ಬಂದಿತ್ತು. ಮಗಳನ್ನು ನೆನೆದು ಮತ ಹಾಕಿ ಎಂದು ಸವಿತಾಳ ತಂದೆ ಐರ್ಲೆಂಡಿನ ಜನರನ್ನು ಬಹಿರಂಗವಾಗಿ ಕೇಳಿಕೊಂಡಿದ್ದರು. ಹೆತ್ತವರ ಒಪ್ಪಿಗೆ ದೊಡ್ಡದು. ಆದರೂ ಅದು ಆಕೆಯ ಒಪ್ಪಿಗೆಯಲ್ಲ. ಇನ್ನೊಂದು ಉತ್ತರ ಆ ಚೀಟಿಗಳಲ್ಲಿದೆ. ಸತ್ತವರ ಬಗ್ಗೆ ಮಾತಾಡುವುದು, ಸತ್ತವರ ಪರವಾಗಿ ಮಾತಾಡುವುದು, ಸತ್ತವರೊಂದಿಗೆ ಮಾತಾಡುವುದು, ಮೂರೂ ಬೇರೆ ಬೇರೆ. ಪತ್ರಿಕೆಗಳು ಸವಿತಾಳ ಬಗ್ಗೆ ಬರೆದವು. ಭಾಷಣಗಳು ಆಕೆಯ ಪರವಾಗಿ ಮಾತಾಡಿದವು. ಗೋಡೆಯ ಮುಂದೆ ನಿಂತವರು ಮಾತ್ರ ಆಕೆಯೊಂದಿಗೆ ಮಾತಾಡಿದರು, ಅನೇಕರು ಕ್ಷಮೆ ಕೇಳಿದರು. ಪರವಾಗಿ ಮಾತಾಡುವವರು ಸತ್ತವಳ ಬಾಯಲ್ಲಿ ತಮ್ಮ ಮಾತನ್ನು ಇಡುತ್ತಾರೆ. ಕ್ಷಮೆ ಕೇಳುವವರು ಹಾಗಲ್ಲ, ತಪ್ಪಿನಲ್ಲಿ ತಮ್ಮ ಪಾಲನ್ನು ತಾವೇ ಹೊರುತ್ತಾರೆ. ಚಿತ್ರವೊಂದು ನೋಡುಗರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರೆ ಅದು ಆ ಮುಖವನ್ನು ಬಳಸಿಕೊಂಡಿತು ಎನ್ನುವುದಕ್ಕಿಂತ ಆ ಮುಖಕ್ಕೆ ಉತ್ತರ ಕೊಡಿಸಿತು ಎನ್ನಬೇಕು.

ಇಷ್ಟು ಹೇಳಿದ ಮೇಲೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಗೋಡೆಗೆ ಸವಿತಾಳೇ ಏಕೆ ಬೇಕಾದಳು? ಆಕೆ ಮದುವೆಯಾದವಳು, ಓದಿದವಳು, ಮಗು ಬೇಕೆಂದು ಬಯಸಿದವಳು. ಯಾವ ಸಂಪ್ರದಾಯಸ್ಥರೂ ಆಕೆಯಲ್ಲಿ ತಪ್ಪು ಹುಡುಕಲಾರರು. ಎಂಟನೆಯ ತಿದ್ದುಪಡಿ ಇದ್ದ ಕಾಲದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಐರಿಷ್ ಹೆಂಗಸರು ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗಿಬಂದರು. ಅವರಲ್ಲಿ ಬಡವರು, ಮದುವೆಯಾಗದವರು, ಈಗಾಗಲೇ ಮಕ್ಕಳಿದ್ದವರು, ಮಗು ಬೇಡ ಎಂದಷ್ಟೇ ನಿರ್ಧರಿಸಿದವರು ಎಲ್ಲರೂ ಇದ್ದರು. ಹೋಗಿಬಂದು ಸುಮ್ಮನೆ ಬದುಕಿದ ಅವರಲ್ಲಿ ಯಾರ ಮುಖವೂ ಇಷ್ಟು ದೊಡ್ಡದಾಗಿ ಗೋಡೆಗೆ ಏರಲಿಲ್ಲ.

ನಮಗೆ ಇದು ಹೊಸದಲ್ಲ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನಾವು ತಲೆಮಾರುಗಳಿಂದ ಹಾಡುತ್ತ ಬಂದಿದ್ದೇವೆ. ಕಿರಿಸೊಸೆ ಬಲಿಯಾದ ಮೇಲೆ ಕೆರೆ ತುಂಬುತ್ತದೆ. ಕೇಳಿದವರು ಅಳುತ್ತಾರೆ. ಬಲಿ ಕೊಟ್ಟ ಮಾವನನ್ನು ಊರು ಏನು ಮಾಡಿತು ಎಂದು ಕೇಳುವವರು ಕಡಿಮೆ. ಮಾಸ್ತಿಕಲ್ಲುಗಳ ಮುಂದೆ ಕೈಮುಗಿಯುವಾಗಲೂ ಹಾಗೆಯೇ. ನಿರಪರಾಧಿ ಹೆಣ್ಣಿನ ಸಾವಿಗೆ ಕರಗುವುದು ನಮಗೆ ಚೆನ್ನಾಗಿ ಗೊತ್ತು. ಬದುಕಿರುವ ಹೆಣ್ಣು ‘ನನಗೆ ಬೇಡ’ ಎಂದಾಗ ಅದೇ ಮನಸ್ಸು ಕಲ್ಲಾಗುತ್ತದೆ. ಪ್ರತಿಭಟನೆಯ ಕಲೆ ಸಾವನ್ನೇ ನೆಚ್ಚಿಕೊಂಡರೆ, ಒಬ್ಬಳು ಸತ್ತು ತೋರಿಸದ ಹೊರತು ಹೆಂಗಸಿನ ಮಾತಿಗೆ ಬೆಲೆಯಿಲ್ಲ ಎಂಬುದನ್ನು ತಾನೂ ಒಪ್ಪಿದಂತಾಗುತ್ತದೆ.

ಈ ಬಲೆಗೆ ಬೀಳದ ಚಿತ್ರಗಳೂ ಇವೆ. ಲಿಸ್ಬನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಪೌಲಾ ರೇಗೊ ಬಿಡಿಸಿದ ಚಿತ್ರಗಳು ಅಂಥವು. 1998ರ ಜೂನ್‌ನಲ್ಲಿ ಪೋರ್ಚುಗಲ್ಲಿನಲ್ಲಿ ಗರ್ಭಪಾತದ ಕಾನೂನು ಸಡಿಲಿಸುವ ಬಗ್ಗೆ ಜನಮತಗಣನೆ ನಡೆಯಿತು. ಮತ ಹಾಕಲು ಬಂದವರು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ‘ಬೇಡ’ ಎಂಬ ಪಕ್ಷ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಆ ನಿರ್ಲಕ್ಷ್ಯಕ್ಕೆ ಸಿಟ್ಟಿಗೆದ್ದ ರೇಗೊ ಕೆಲವೇ ತಿಂಗಳಲ್ಲಿ ಪ್ಯಾಸ್ಟೆಲ್‌ನಲ್ಲಿ ದೊಡ್ಡ ದೊಡ್ಡ ಚಿತ್ರಗಳ ಸರಣಿಯೊಂದನ್ನು ಮಾಡಿದರು. ಹೆಚ್ಚು ಜನರಿಗೆ ತಲುಪಲಿ ಎಂದು ಅದೇ ವಸ್ತುವನ್ನು ಎಚಿಂಗ್ ಅಚ್ಚುಗಳಲ್ಲೂ ತಂದರು. ಚಿತ್ರಗಳಿಗೆ ಹೆಸರಿಲ್ಲ, ಅದರಲ್ಲಿರುವ ಹೆಂಗಸರಿಗೂ ಹೆಸರಿಲ್ಲ. ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಂಡವರು ಅವರು. ಒಬ್ಬಳು ಶಾಲೆಯ ಸಮವಸ್ತ್ರದಲ್ಲೇ ಇದ್ದಾಳೆ. ಮಂಚ, ಬಕೆಟ್ಟು, ಬೇಸಿನ್ನು, ಕುರ್ಚಿ, ಇಷ್ಟೇ ಸಾಮಾನು. ವೈದ್ಯರಿಲ್ಲ, ಗಂಡಸರಿಲ್ಲ, ಭ್ರೂಣವೂ ಇಲ್ಲ. ರಕ್ತವನ್ನು ರೇಗೊ ಬೇಕೆಂದೇ ಬಿಟ್ಟರು. ರಕ್ತ ಕಂಡರೆ ಜನ ಮುಖ ತಿರುಗಿಸುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ನೋವು ಇದೆ, ಆದರೆ ಅಂಗಲಾಚುವಿಕೆ ಇಲ್ಲ. ಕೆಲವರು ನೇರ ನಮ್ಮ ಕಣ್ಣನ್ನೇ ನೋಡುತ್ತಾರೆ. ನಾನೇಕೆ ಇಲ್ಲಿಗೆ ಬಂದೆ ಎಂಬ ವಿವರಣೆಯನ್ನು ಯಾರೂ ಕೊಡುವುದಿಲ್ಲ. ಓದಿನ ದಿನಗಳಲ್ಲಿ ತಾವೇ ಅಕ್ರಮ ಗರ್ಭಪಾತಕ್ಕೆ ಒಳಗಾಗಿದ್ದೆ ಎಂದು ರೇಗೊ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

2007ರಲ್ಲಿ ಪೋರ್ಚುಗಲ್ ಮತ್ತೆ ಮತ ಹಾಕಿತು. ಈ ಸಲ ಸುಮಾರು ಶೇ. 59ರಷ್ಟು ಮಂದಿ ‘ಬೇಕು’ ಎಂದರು, ಹತ್ತು ವಾರದವರೆಗಿನ ಗರ್ಭಪಾತ ಕಾನೂನುಬದ್ಧವಾಯಿತು. ಚಿತ್ರಗಳಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ. ನನ್ನ ಮಾತು ಪರಿಣಾಮದ್ದಲ್ಲ, ನ್ಯಾಯದ್ದು. ಸವಿತಾಳ ಗೋಡೆ ‘ಹೀಗೆ ಸಾಯಬಾರದಿತ್ತು’ ಎನ್ನುತ್ತದೆ. ಅದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ರೇಗೊ ಅವರ ಹೆಂಗಸರು ‘ಹೀಗೆ ಬದುಕುವಂತೆಯೂ ಮಾಡಬಾರದು’ ಎನ್ನುತ್ತಾರೆ. ಅದನ್ನು ಒಪ್ಪಬೇಕಾದರೆ ಅವರು ನಮಗೆ ಇಷ್ಟವಾಗಲೇಬೇಕು ಎಂಬ ಷರತ್ತನ್ನು ನಾವು ಬಿಡಬೇಕಾಗುತ್ತದೆ. ಮೊದಲನೆಯದು ಕರುಣೆ. ಎರಡನೆಯದು ಗೌರವ. ಕರುಣೆ ಯಾರಿಗೆ ಸಲ್ಲಬೇಕೆಂದು ನಾವು ಆರಿಸಿಕೊಳ್ಳುತ್ತೇವೆ. ಗೌರವದಲ್ಲಿ ಆ ಆಯ್ಕೆ ಇಲ್ಲ.

ಸವಿತಾ ನಮ್ಮವಳು ಎನ್ನುವಾಗ ನಮ್ಮ ಗೋಡೆಗಳ ಮೇಲೆ ಏನಿದೆ ಎಂದೂ ನೋಡಿಕೊಳ್ಳಬೇಕು. ಹೆಣ್ಣು ಭ್ರೂಣಹತ್ಯೆಯ ವಿರುದ್ಧದ ಚಿತ್ರಗಳನ್ನು ಆಸ್ಪತ್ರೆ, ಶಾಲೆಗಳ ಗೋಡೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಉದ್ದೇಶದಲ್ಲಿ ತಕರಾರಿಲ್ಲ, ಆ ಅನ್ಯಾಯ ನಿಜವಾದದ್ದು. ಆದರೆ ಎಷ್ಟೋ ಚಿತ್ರಗಳಲ್ಲಿ ಭ್ರೂಣ ಒಂಟಿಯಾಗಿ ತೇಲುತ್ತ, ಅಮ್ಮನನ್ನು ಬೇಡಿಕೊಳ್ಳುತ್ತಿರುತ್ತದೆ. ಆ ಅಮ್ಮ ಚಿತ್ರದಲ್ಲಿಲ್ಲ. ಒತ್ತಾಯಿಸಿದ ಮನೆಯವರೂ ಇಲ್ಲ. ಲಿಂಗಪತ್ತೆ ತಡೆಯುವ 1994ರ ಕಾಯ್ದೆಯಾದರೋ ಬಸುರಿಯನ್ನು ಗಂಡ ಅಥವಾ ನೆಂಟರು ಬಲವಂತಪಡಿಸಿದ್ದಾರೆ ಎಂದೇ ಮೊದಲಿಗೆ ಭಾವಿಸುತ್ತದೆ. ಕಾನೂನಿಗೆ ಇರುವ ಈ ವಿವೇಕ ನಮ್ಮ ಚಿತ್ರಗಳಿಗೆ ಬಂದಿಲ್ಲ.

ಕಾನೂನೂ ಪೂರ್ತಿ ಗೆದ್ದಿಲ್ಲ. 1971ರ ಕಾಯ್ದೆ ಗರ್ಭಪಾತವನ್ನು ಸಾಧ್ಯವಾಗಿಸಿತು, ನಿಜ. ಆದರೆ ತೀರ್ಮಾನವನ್ನು ವೈದ್ಯರ ಅಭಿಪ್ರಾಯಕ್ಕೆ ಕಟ್ಟಿತು. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಅವಕಾಶ ಕೊಟ್ಟಿತು. ಆ ಅವಕಾಶ ಮದುವೆಯಾಗದವರಿಗೂ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ಹೇಳಬೇಕಾಯಿತು. ಆ ದಾವೆ ಹೂಡಿದ್ದವಳು ಬದುಕಿರುವ, ಮದುವೆಯಾಗದ ಹುಡುಗಿ. ಅವಳ ಹೆಸರನ್ನು ತೀರ್ಪು ಒಂದೇ ಒಂದು ಅಕ್ಷರದಲ್ಲಿ ಮರೆಸಿಟ್ಟಿದೆ, ಇಡಲೇಬೇಕಿತ್ತು.

ಸವಿತಾಳ ಚಿತ್ರವನ್ನು ಬಿಡಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದರ ಮುಂದೆ ಅತ್ತವರು ಹೆಸರಿಲ್ಲದ ಈ ಹುಡುಗಿಯ ಮುಂದೆಯೂ ಒಂದು ಗಳಿಗೆ ನಿಲ್ಲಬಲ್ಲರೇ ಎಂದಷ್ಟೇ ಕೇಳುತ್ತಿದ್ದೇನೆ. ಅವಳಿಗೆ ಹೂವು, ಮೇಣದಬತ್ತಿ ಬೇಡ. ಅವಳು ಹೇಳಿದ್ದನ್ನು ನಂಬಿದರೆ ಸಾಕು.