ಸೊನ್ನೆಯೂ ಒಂದು ಸಾಕ್ಷ್ಯ

ಮಳೆಯನ್ನು ಅಳೆದು ತಾನೇ ನೋಡಿಕೊಳ್ಳುವುದು ಹವ್ಯಾಸ. ಅದನ್ನು ನಾಲ್ವರ ಮುಂದಿಡುವುದು ಹೊಣೆ. ಉರಿಗಾಂನ ನಮ್ಮ ಅಂಗಳದಲ್ಲಿ ಒಂದು ಮಳೆಮಾಪಕವುಂಟು. ಹವಾಮಾನ ಇಲಾಖೆಯ ಪದ್ಧತಿಯಂತೆ ಬೆಳಗ್ಗೆ 8.30ಕ್ಕೆ ನೋಡಿ, ಅಂಕಿಯನ್ನು ನನ್ನ ಜಾಲತಾಣದಲ್ಲಿ ಹಾಕುತ್ತೇನೆ. ಒಂದು ಮಿಲಿಮೀಟರೆಂದರೆ ಚದರ ಮೀಟರಿಗೆ ಒಂದು ಲೀಟರು ನೀರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಸೀಮೆಗೆ ಇದು ಅಲ್ಪ ಸಂಗತಿಯಲ್ಲ.

ಊರಿನಲ್ಲಿಲ್ಲದ ದಿನ ಏನು ಬರೆಯಬೇಕು? ‘ಸೊನ್ನೆ ಬರೆದರಾಯಿತು, ಯಾರು ಕೇಳುತ್ತಾರೆ’ ಎನ್ನುವವರುಂಟು. ಆದರೆ ಸೊನ್ನೆಯೆಂಬುದು ‘ನೋಡಿದೆ, ಮಳೆಯಿರಲಿಲ್ಲ’ ಎಂಬ ಸಾಕ್ಷ್ಯ. ಖಾಲಿ ಜಾಗವೋ, ‘ನೋಡಲಿಲ್ಲ’ ಎಂಬ ನುಡಿ. ಇವೆರಡನ್ನೂ ಬೆರೆಸಿದರೆ, ಅಳೆಯದ ದಿನವೂ ಬರದ ದಿನವಾಗಿಬಿಡುತ್ತದೆ.

2001ರಲ್ಲಿ ಮುಚ್ಚಿದ ನಮ್ಮ ಚಿನ್ನದ ಗಣಿಯ ನ್ಯಾಯವೂ ಇದೇ ಆಗಿತ್ತು. ಕಲ್ಲನ್ನು ಅರೆದು, ಕರಗಿಸಿ ನೋಡಿದ ಮೇಲಲ್ಲವೆ ಅದರಲ್ಲಿ ಚಿನ್ನ ಉಂಟು, ಇಲ್ಲ ಎನ್ನುವುದು? ಪರೀಕ್ಷಿಸದ ಕಲ್ಲನ್ನು ಬರಿದೆನ್ನುವ ಅಧಿಕಾರ ಯಾರಿಗೂ ಇಲ್ಲ.

ತೆರಪು ಬಿದ್ದ ಪಟ್ಟಿ ಕಣ್ಣಿಗೆ ಚೆಂದವಲ್ಲ, ನಿಜ. ಎರಡು ದಿನದ ನೀರು ಒಟ್ಟಿಗೆ ಸಿಕ್ಕಿದಾಗ ಅರ್ಧರ್ಧ ಹಂಚಿ ಬರೆಯಲು ಕೈ ತುರಿಸುತ್ತದೆ. ಹಂಚಿದರೆ ಮೊತ್ತ ಸರಿಯಿರುತ್ತದೆ, ದಿನಗಳು ಸುಳ್ಳಾಗುತ್ತವೆ. ಆದ್ದರಿಂದ ‘ಎರಡು ದಿನದ್ದು’ ಎಂದೇ ಬರೆಯುತ್ತೇನೆ. ನಂಬಿ ಓದುವವನೊಬ್ಬನಿದ್ದರೂ ಸಾಕು, ಅಷ್ಟು ಋಣ ಅವನಿಗೆ ಸಲ್ಲಬೇಕು.