ಒಂಟಿ ಹಾಯಿದೋಣಿ

ಎಳೆಯ ವಯಸ್ಸಿನಲ್ಲಿ ಕಲಿತು, ನಡುವೆ ಬಿಟ್ಟು, ಮತ್ತೆ ಅದೇ ವಿದ್ಯೆಗೆ ಮರಳಿ ಬರುವವನ ಅವಸ್ಥೆ ವಿಚಿತ್ರವಾದುದು. ಹೊಸದಾಗಿ ಕಲಿಯುವವನಿಗೆ ತನಗೆ ಏನೂ ತಿಳಿಯದೆಂಬುದು ತಿಳಿದಿರುತ್ತದೆ; ಎಡೆಬಿಡದೆ ಅಭ್ಯಾಸಮಾಡಿದವನಿಗೆ ತನ್ನ ಶಕ್ತಿಯ ಎಲ್ಲೆ ತಿಳಿದಿರುತ್ತದೆ. ಮರಳಿ ಬಂದವನಿಗಾದರೋ ಈ ಎರಡು ತಿಳಿವಳಿಕೆಗಳೂ ಇಲ್ಲ. ಅವನ ನೆನಪಿಗೆ ಇಪ್ಪತ್ತು ವರ್ಷ, ಮೊಣಕಾಲಿಗೆ ಐವತ್ತು. ಇವೆರಡಕ್ಕೂ ರಾಜಿ ಮಾಡಿಸುವುದೇ ಅವನ ಮೊದಲ ಕೆಲಸ.

ಇಂಗ್ಲೆಂಡಿನ ಕೆರೆ ಜಲಾಶಯಗಳ ದಡದಲ್ಲಿ ಇಂಥವರು ಅನೇಕರು ಕಾಣಸಿಗುತ್ತಾರೆ. ಬಾಲ್ಯದಲ್ಲಿ ಆಪ್ಟಿಮಿಸ್ಟ್ ಎಂಬ ಪೆಟ್ಟಿಗೆಯಾಕಾರದ ಪುಟ್ಟ ದೋಣಿಯಲ್ಲಿ ಹಾಯಿ ಹಿಡಿಯಲು ಕಲಿತು, ಉದ್ಯೋಗ, ಮದುವೆ, ಮಕ್ಕಳು ಎಂದು ನೀರಿನಿಂದ ದೂರವಾಗಿ, ಮಕ್ಕಳು ದೊಡ್ಡವರಾದಮೇಲೆ ಮತ್ತೆ ನೀರನ್ನು ನೆನೆಯುವವರು ಇವರು. ಜತೆಗಾರನನ್ನು ವಾರವಾರವೂ ಹುಡುಕಿ ತರುವುದು ಕಷ್ಟ. ಆದಕಾರಣ ಒಬ್ಬನೇ ನಡೆಸತಕ್ಕ ದೋಣಿಯೇ ಲೇಸೆಂದು ತೋರುತ್ತದೆ. ಆಗ ಎರಡು ಪ್ರಶ್ನೆಗಳು ಏಳುತ್ತವೆ: ಯಾವ ದೋಣಿ? ಯಾವ ಕ್ಲಬ್ಬು? ಮೇಲುನೋಟಕ್ಕೆ ಇವು ಪೇಟೆಯ ಪ್ರಶ್ನೆಗಳು. ಆದರೆ ಒಳಹೊಕ್ಕು ನೋಡಿದರೆ ಮೊದಲನೆಯದರಲ್ಲಿ ಆತ್ಮಪರೀಕ್ಷೆಯೂ ಎರಡನೆಯದರಲ್ಲಿ ಸ್ವಾತಂತ್ರ್ಯದ ಅರ್ಥವೂ ಅಡಗಿವೆ.

ದೋಣಿಯ ವಿಷಯವನ್ನು ಮೊದಲು ನೋಡಬಹುದು. 1949ರಲ್ಲಿ ಸ್ವೀಡನ್ನಿನ ರಿಕಾರ್ಡ್ ಸಾರ್ಬಿ ರೂಪಿಸಿದ ಫಿನ್ ಎಂಬುದು ಬಲಶಾಲಿಗಳ ದೋಣಿ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನವರೆಗೆ ಅದಕ್ಕೆ ಅಲ್ಲಿ ಸ್ಥಾನವಿತ್ತು. ಅದರಲ್ಲಿ ಮೂರು ಬಾರಿ ಸುವರ್ಣಪದಕ ಗೆದ್ದ ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರಾಮ್, ದೋಣಿಯಂಚಿನಿಂದ ಮೈಯನ್ನು ಹೊರಕ್ಕೆ ಚಾಚಿ ಗಾಳಿಯನ್ನು ತಡೆಯುವ ಶಕ್ತಿಯನ್ನು ಬೆಳೆಸಲು ಮನೆಯಲ್ಲಿಯೇ ಒಂದು ಬೆಂಚನ್ನು ಮಾಡಿಕೊಂಡು ಸಾಧನೆ ಮಾಡುತ್ತಿದ್ದನು. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ಸೋಲೋ ಸೌಮ್ಯ ಸ್ವಭಾವದ್ದು. ನಡುವಯಸ್ಸಿನವರು ಅದನ್ನು ಹೆಚ್ಚಾಗಿ ಮೆಚ್ಚುತ್ತಾರೆ. 2014ರಲ್ಲಿ ಬಂದ ಆರ್‌ಎಸ್ ಏರೋದ ಒಡಲಿನ ತೂಕ ಸುಮಾರು 30 ಕಿಲೋಗ್ರಾಂ ಮಾತ್ರ. ದಡದಲ್ಲಿ ಎಳೆದಾಡುವವನ ಬೆನ್ನಿಗೆ ಇದು ಸಣ್ಣ ಉಪಕಾರವಲ್ಲ. ಎಲ್ಲಕ್ಕಿಂತ ಪ್ರಸಿದ್ಧವಾದುದು ಕೆನಡಾದ ಬ್ರೂಸ್ ಕರ್ಬಿ ರೂಪಿಸಿದ ಲೇಸರ್.

ಈ ಲೇಸರಿನ ಏರ್ಪಾಡಿನಲ್ಲಿ ಒಂದು ನೀತಿಪಾಠವೇ ಇದೆ. ಒಡಲು ಒಂದೇ, ಹಾಯಿಗಳು ಮೂರು. ದೊಡ್ಡದರ ವಿಸ್ತಾರ 7.06 ಚದರ ಮೀಟರು, ನಡುವಿನದು 5.76, ಚಿಕ್ಕದು 4.7. ನಡೆಸುವವನ ತೂಕಕ್ಕೂ ಬಲಕ್ಕೂ ಆ ದಿನದ ಗಾಳಿಗೂ ತಕ್ಕಂತೆ ಹಾಯಿಯನ್ನು ಬದಲಿಸಬಹುದು. ಆದರೆ ಮರಳಿ ಬಂದವನ ಕೈ ತಾನಾಗಿಯೇ ದೊಡ್ಡ ಹಾಯಿಯ ಕಡೆಗೆ ಹೋಗುತ್ತದೆ. ಇಪ್ಪತ್ತರಲ್ಲಿ ಅದನ್ನೇ ಹಿಡಿದಿದ್ದೆನಲ್ಲ ಎಂಬ ನೆನಪು. ಚಿಕ್ಕದನ್ನು ಹಿಡಿದರೆ ದಡದಲ್ಲಿರುವವರು ಏನೆಂದಾರೆಂಬ ಸಂಕೋಚ. ನಡುವಿನ ಹಾಯಿಯಲ್ಲಿಯೇ 2008ರಿಂದ ಒಲಿಂಪಿಕ್ಸಿನ ಮಹಿಳೆಯರ ಸ್ಪರ್ಧೆ ನಡೆಯುತ್ತಿದೆ. ಚೆನ್ನೈಯ ನೇತ್ರಾ ಕುಮಾನನ್ ಟೋಕಿಯೊದಲ್ಲಿ ಭಾರತದ ಪರವಾಗಿ ಅದನ್ನೇ ಹಿಡಿದಳು. ಜಗತ್ತಿನ ಶ್ರೇಷ್ಠರ ಕೈಗೆ ಸಾಲುವ ಹಾಯಿ ಭಾನುವಾರದ ನಾವಿಕನ ಮಾನಕ್ಕೆ ಸಾಲದೆಂದರೆ ಅದು ಮಾನವಲ್ಲ, ಹಮ್ಮು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಬುದ್ಧಿಯೊಂದನ್ನೇ ಹಿಡಿದರೆ ಮನುಷ್ಯನು ಎಂದಿಗೆ ಬೆಳೆದಾನು? ಶಕ್ತಿಗೆ ಮೀರಿದುದನ್ನು ಬಯಸುವುದೇ ಪುರುಷಪ್ರಯತ್ನವಲ್ಲವೆ? ಆಕ್ಷೇಪ ನ್ಯಾಯವಾದುದೇ. ಆದರೆ ಆಕಾಂಕ್ಷೆಗೂ ಹಮ್ಮಿಗೂ ಭೇದವಿದೆ; ಆ ಭೇದ ಫಲದಿಂದ ತಿಳಿಯತಕ್ಕದ್ದು. ಎಲ್ವ್‌ಸ್ಟ್ರಾಮನ ಬೆಂಚು ಅವನನ್ನು ಪ್ರತಿದಿನವೂ ದುಡಿಸಿತು, ಅದು ಆಕಾಂಕ್ಷೆ. ಹಮ್ಮಿನಿಂದ ಕೊಂಡ ದೋಣಿಯಾದರೋ ಎರಡು ಭಾನುವಾರ ಯಜಮಾನನನ್ನು ನೀರಿಗೆ ಕೆಡಹಿ, ಮೂರನೆಯ ಭಾನುವಾರದಿಂದ ಹೊದಿಕೆಯ ಕೆಳಗೆ ಮಲಗಿ ಹುಲ್ಲಿನಲ್ಲಿ ಹೂತುಹೋಗುತ್ತದೆ. ಮುಂದಿನ ವಾರ ಮತ್ತೆ ನೀರಿಗಿಳಿಯುವ ಮನಸ್ಸನ್ನು ಉಳಿಸುವ ದೋಣಿಯೇ ತಕ್ಕ ದೋಣಿ. ಅದಕ್ಕೊಂದು ಕಟ್ಟುನಿಟ್ಟಾದ ಪರೀಕ್ಷೆಯೂ ಉಂಟು. ದೋಣಿ ಮಗುಚಿದಾಗ ನಡುಹಲಗೆಯ ಮೇಲೆ ಭಾರ ಹಾಕಿ ಅದನ್ನು ನೆಟ್ಟಗೆ ಮಾಡಿ, ದಣಿದ ಮೈಯನ್ನು ಅದರೊಳಕ್ಕೆ ತಾನೇ ಎತ್ತಿಹಾಕಿಕೊಳ್ಳಬಲ್ಲನೆ? ಬಲ್ಲನಾದರೆ ಆ ದೋಣಿ ಅವನದು. ಇಲ್ಲವಾದರೆ ಬೆಲೆ ಕೊಟ್ಟಿದ್ದರೂ ಅವನದಲ್ಲ.

ಈಗ ಎರಡನೆಯ ಪ್ರಶ್ನೆ. ಒಬ್ಬನೇ ನಡೆಸುವ ದೋಣಿಯನ್ನು ಆರಿಸಿದವನು ತಾನು ಯಾರ ಹಂಗಿಗೂ ಒಳಗಾಗದವನೆಂದು ಭಾವಿಸುವುದು ಸಹಜ. ಕೂವೆಮರ ನಿಲ್ಲಿಸುವವನೂ ಅವನೇ, ಹಾಯಿಯ ಹಗ್ಗ ಹಿಡಿಯುವವನೂ ಅವನೇ, ಚುಕ್ಕಾಣಿಯವನೂ ಅವನೇ. ಆದರೆ ನೀರು ಅವನದಲ್ಲ. ರಟ್ಲೆಂಡ್ ವಾಟರಿನಂಥ ವಿಶಾಲ ಜಲಾಶಯಗಳು ಜನರ ಕುಡಿಯುವ ನೀರಿಗಾಗಿ ಕಟ್ಟಿದವು. ಕ್ಲಬ್ಬಿನವರು ಮಾತಾಡಿ ಅನುಮತಿ ಪಡೆದುದರಿಂದಲೇ ಅಲ್ಲಿ ಹಾಯಿ ಬಿಚ್ಚಬಹುದು. ದೋಣಿಯಿಳಿಸುವ ಇಳಿಜಾರನ್ನು ಕಟ್ಟಿಸಿದವರು ಯಾರೋ. ಗಾಳಿ ಜೋರಾದಾಗ ದೂರದಲ್ಲಿ ತೇಲುತ್ತ ಕಾದಿರುವ ರಕ್ಷಣೆಯ ಮೋಟಾರುದೋಣಿಯಲ್ಲಿ ಚಳಿಗೆ ನಡುಗುತ್ತ ಕುಳಿತವರು ಯಾರೋ. ಇಂಥ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಆ ಕಾವಲು ಸದಸ್ಯರ ಸರದಿಯ ಕೆಲಸ. ವರ್ಷದಲ್ಲಿ ಕೆಲವು ದಿನ ಪ್ರತಿಯೊಬ್ಬನೂ ತನ್ನ ದೋಣಿಯನ್ನು ದಡದಲ್ಲಿ ಬಿಟ್ಟು, ಇತರರು ನೀರಿನ ಮೇಲೆ ನಲಿಯುವಾಗ ಅವರನ್ನು ಕಾಯಬೇಕು. ಒಬ್ಬನ ಏಕಾಂತಕ್ಕೆ ಹತ್ತು ಜನರ ಎಚ್ಚರವೇ ಬೇಲಿ. ಸ್ವಾವಲಂಬನವೆಂದು ಹೊರಗೆ ತೋರುವುದು ಒಳಗೆ ಪರಸ್ಪರಾವಲಂಬನವೇ ಆಗಿದೆ.

ಆದಕಾರಣ ದೋಣಿಗಿಂತ ಮೊದಲು ಕ್ಲಬ್ಬನ್ನು ಆರಿಸುವುದು ವಿವೇಕ. ದೂರದ ದೊಡ್ಡ ನೀರಿನ ಕೀರ್ತಿಗಿಂತ, ಬೇಸರವಾದ ದಿನವೂ ಹೋಗಿಬರಬಹುದಾದಷ್ಟು ಹತ್ತಿರದ ಸಣ್ಣ ಕೆರೆ ಎಷ್ಟೋ ಮೇಲು. ಅಲ್ಲಿ ಹೆಚ್ಚಿನವರು ಯಾವ ದೋಣಿ ನಡೆಸುತ್ತಾರೋ ಅದನ್ನೇ ಕೊಂಡರೆ ಓರಗೆಯವರೂ ಸಿಕ್ಕುತ್ತಾರೆ, ಹಗ್ಗ ಕಟ್ಟುವ ಬಗೆ ಹೇಳಿಕೊಡುವವರೂ ಸಿಕ್ಕುತ್ತಾರೆ. ಬಗೆಬಗೆಯ ದೋಣಿಗಳು ಒಟ್ಟಿಗೆ ಸ್ಪರ್ಧಿಸುವ ಕಡೆ ಪೋರ್ಟ್ಸ್‌ಮತ್ ಅಂಕವೆಂಬ ಲೆಕ್ಕವುಂಟು: ತೆಗೆದುಕೊಂಡ ಕಾಲವನ್ನು 1000ದಿಂದ ಗುಣಿಸಿ, ದೋಣಿಯ ಜಾತಿಗೆ ಗೊತ್ತಾದ ಅಂಕದಿಂದ ಭಾಗಿಸುತ್ತಾರೆ. ವೇಗದ ದೋಣಿಗೆ ಸಣ್ಣ ಅಂಕ, ನಿಧಾನದ್ದಕ್ಕೆ ದೊಡ್ಡ ಅಂಕ; ಹೀಗೆ ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಆದರೆ ಯಾವ ಲೆಕ್ಕಕ್ಕೂ ಸಿಕ್ಕದ ಗುಣವೊಂದಿದೆ. ಅದನ್ನು ತಿಳಿಯಬೇಕಾದರೆ ಸೇರುವ ಮುನ್ನ ಒಂದು ಸ್ಪರ್ಧೆಯ ದಿನ ದಡದಲ್ಲಿ ನಿಂತು ನೋಡಬೇಕು. ಗೆದ್ದವನನ್ನು ನೋಡುವುದು ಬೇಡ. ಎಲ್ಲರಿಗಿಂತ ಕಡೆಗೆ ಬಂದವನನ್ನು ನೋಡಬೇಕು. ಅವನ ದೋಣಿಯನ್ನು ಇಳಿಜಾರಿನ ಮೇಲಕ್ಕೆ ಎಳೆಯಲು ನಾಲ್ಕು ಕೈಗಳು ಬಂದರೆ ಆ ಕ್ಲಬ್ಬು ಸೇರತಕ್ಕದ್ದು.

ಏಕಾಂತವನ್ನು ಅರಸಿ ಬಂದವನಿಗೆ ಇಷ್ಟೊಂದು ಜನಸಂಗವೇಕೆಂದು ಕೇಳಬಹುದು. ಏಕಾಂತದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ನೀರಿನ ಮೇಲೆ ತಪ್ಪನ್ನು ಹೊರಿಸಲು ಇನ್ನೊಬ್ಬನಿಲ್ಲ; ನಿರ್ಧಾರವೂ ತನ್ನದು, ಅದರ ಫಲವೂ ತನ್ನದು. ವಾರವೆಲ್ಲ ಕಚೇರಿಯಲ್ಲಿ ಹೊಣೆಯನ್ನು ಹಂಚಿಕೊಂಡು ಬಾಳುವವನಿಗೆ ಈ ನಿಚ್ಚಳವಾದ ಹೊಣೆ ಒಂದು ಬಗೆಯ ಸ್ನಾನ. ಆದರೆ ಏಕಾಂತವೆಂದರೆ ಇತರರಿಗೆ ಬೆನ್ನು ತಿರುಗಿಸುವುದಲ್ಲ.

1988ರ ಸೆಪ್ಟೆಂಬರ್ 24ರಂದು ಕೊರಿಯದ ಪೂಸಾನಿನ ಕಡಲಿನಲ್ಲಿ ಇದಕ್ಕೆ ಸಾಕ್ಷಿ ದೊರೆಯಿತು. ಸೋಲ್ ಒಲಿಂಪಿಕ್ಸಿನ ಫಿನ್ ಸ್ಪರ್ಧೆಯ ಐದನೆಯ ಓಟದಲ್ಲಿ ಕೆನಡಾದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿ ಸಾಗುತ್ತಿದ್ದನು. ಗಾಳಿ ಕೆರಳಿತ್ತು. ಬೇರೊಂದು ಸ್ಪರ್ಧೆಯಲ್ಲಿದ್ದ ಸಿಂಗಪುರದ ಇಬ್ಬರ ದೋಣಿ ಮಗುಚಿರುವುದು ಅವನ ಕಣ್ಣಿಗೆ ಬಿತ್ತು. ಅವನು ತನ್ನ ದಾರಿಯನ್ನು ಬಿಟ್ಟು ಅತ್ತ ತಿರುಗಿ, ಅವರನ್ನು ರಕ್ಷಿಸಿ, ಕಾವಲಿನ ದೋಣಿ ಬರುವವರೆಗೆ ಕಾದು, ಆಮೇಲೆ ಓಟವನ್ನು ಮುಂದುವರಿಸಿದನು. ತೀರ್ಪುಗಾರರು ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು; ಆದರೂ ಒಟ್ಟಿನಲ್ಲಿ ಪದಕ ಬರಲಿಲ್ಲ. ಅವನ ನಡತೆಗಾಗಿ ಪಿಯೆರ್ ದ ಕೂಬರ್ತ್ಯಾಂ ಪದಕ ಅವನಿಗೆ ಸಂದಿತು. ಅಪಾಯದಲ್ಲಿರುವವರಿಗೆ ಸಾಧ್ಯವಾದ ಸಹಾಯವನ್ನೆಲ್ಲ ಮಾಡತಕ್ಕದ್ದೆಂಬುದು ಹಾಯಿಸ್ಪರ್ಧೆಯ ನಿಯಮಾವಳಿಯ ಮೊತ್ತಮೊದಲ ನಿಯಮಗಳಲ್ಲಿ ಸೇರಿದೆ. ಗೆಲ್ಲುವ ಬಗೆಯ ಮಾತೆಲ್ಲ ಅದರ ತರುವಾಯ.

ಗಾಳಿ ಬಂದಾಗ ತೂರಿಕೊಳ್ಳೆಂಬುದು ಲೋಕದ ಬುದ್ಧಿ. ಒಂಟಿ ಹಾಯಿದೋಣಿ ಅದಕ್ಕೆ ಇನ್ನೆರಡು ಮಾತುಗಳನ್ನು ಸೇರಿಸುತ್ತದೆ: ತೂರಿಕೊಳ್ಳುವವನು ತನ್ನ ತೋಳಿನ ಬಲವನ್ನು ಅರಿತಿರಲಿ; ಪಕ್ಕದ ದೋಣಿಯ ಮೇಲೆ ಒಂದು ಕಣ್ಣಿಟ್ಟಿರಲಿ. ಇಷ್ಟನ್ನು ಒಪ್ಪಿದವನಿಗೆ ಯಾವ ಹಾಯಿಯೆಂಬ ಪ್ರಶ್ನೆ ಕಠಿಣವಾಗಲಾರದು.