ಫಲ ಯಾರದು?

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಅಯೋಧ್ಯಾ ಮಂಟಪದ ಆಸುಪಾಸಿನ ವೈದಿಕ ಮನೆಗಳಲ್ಲಿ, ಅವು ತಮಿಳರವಾಗಲಿ ಕನ್ನಡ ಮನೆಮಾತಿನ ಮಾಧ್ವರವಾಗಲಿ, ಮಂತ್ರವನ್ನು ಪುರೋಹಿತರು ಹೇಳಿಕೊಟ್ಟರೂ ದೇಶಕಾಲಗಳನ್ನು, ಗೋತ್ರ ನಕ್ಷತ್ರಗಳನ್ನು ಉಚ್ಚರಿಸಿ, 'ಮಮ' ಎಂದು ಹೇಳಿ ನೀರು ಬಿಡಬೇಕಾದವನು ಕರ್ಮ ಮಾಡಿಸುವ ಯಜಮಾನನೇ. ಈ ಸಂಕಲ್ಪವಿಲ್ಲದೆ ಕರ್ಮ ಆರಂಭವಾಗುವುದಿಲ್ಲ. ಕರ್ಮ ನಡೆಸಿಕೊಡುವ ಋತ್ವಿಜರಿಗೆ ದಕ್ಷಿಣೆ, ಫಲ ಮಾತ್ರ ಯಜಮಾನನಿಗೆ ಎಂಬುದು ವೇದದ ಕರ್ಮಭಾಗವನ್ನು ವಿಚಾರಿಸುವ ಪೂರ್ವಮೀಮಾಂಸೆಯ ನಿರ್ಣಯ. ಫಲವನ್ನು ಬಯಸಿ ಅದಕ್ಕೆ ಒಡೆತನ ಪಡೆಯಬಲ್ಲವನನ್ನು ಆ ಶಾಸ್ತ್ರ 'ಅಧಿಕಾರಿ' ಎನ್ನುತ್ತದೆ.

ಫಲ ಯಾರದೆಂಬ ಈ ವಿಚಾರವನ್ನು ಸಂತಾನಹರಣ ಚಿಕಿತ್ಸೆಗೂ ಅನ್ವಯಿಸಿ ನೋಡಬಹುದು. ಅದು ಯಜ್ಞವಲ್ಲ, ನಿಜ. ಸಂತಾನದಿಂದ ತೀರಬೇಕಾದ ಪಿತೃಋಣಕ್ಕೆ ಅದು ವಿರುದ್ಧವೆಂಬ ಆಕ್ಷೇಪವೂ ಉಂಟು, ಆದರೆ ಮಕ್ಕಳಾದ ಮೇಲೆ ಚಿಕಿತ್ಸೆಗೆ ಬರುವವರ ವಿಷಯದಲ್ಲಿ ಆ ಆಕ್ಷೇಪಕ್ಕೆ ಬಲ ಕಡಿಮೆ. ಕಠಿಣವಾದ ಪ್ರಶ್ನೆ ಬೇರೆಯದು: ಒಂದು ವಿಧಾನವನ್ನು 'ಪರಿಣಾಮಕಾರಿ' ಎನ್ನುವಾಗ ಆ ಪರಿಣಾಮ ಯಾರ ಪಾಲಿನದು?

ಉದಾಹರಣೆಗೆ, ಚಿಲಿಯ ವೈದ್ಯ ಹೈಮೆ ಸಿಪ್ಪರ್ ರೂಪಿಸಿದ ಸಂತಾನಹರಣ ವಿಧಾನದಲ್ಲಿ ಹೊಟ್ಟೆ ಕೊಯ್ಯುವ ಅಗತ್ಯವಿರಲಿಲ್ಲ. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನಾಕ್ರಿನ್‌ನ ಏಳು ಸಣ್ಣ ಗುಳಿಗೆಗಳನ್ನು, ಒಟ್ಟು 252 ಮಿಲಿಗ್ರಾಂ, ತಿಂಗಳ ಅಂತರದಲ್ಲಿ ಎರಡು ಸಲ ಕ್ಲಿನಿಕ್ಕಿನಲ್ಲೇ ಗರ್ಭಕೋಶದೊಳಗೆ ಇಟ್ಟರೆ, ಅಂಡನಾಳಗಳ ಬಾಯಿ ಹುಣ್ಣಾಗಿ, ಮಾಯುವಾಗ ಮುಚ್ಚಿಕೊಳ್ಳುತ್ತಿತ್ತು. ವಿಯೆಟ್ನಾಂನ 31,781 ಮಹಿಳೆಯರ ಮೇಲಿನ ಪ್ರಯೋಗದ ವರದಿ 1993ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ಸಲ ಗುಳಿಗೆ ಪಡೆದವರಲ್ಲಿ ಮೊದಲ ವರ್ಷ ಗರ್ಭ ನಿಂತದ್ದು ಶೇಕಡ 2.6 ಮಂದಿಗೆ. ಸಂಖ್ಯೆ ಆಕರ್ಷಕವೇ, ಆದರೆ ಗರ್ಭಕೋಶದಲ್ಲಿ ಆ ರಾಸಾಯನಿಕ ಮುಂದೆ ಏನು ಮಾಡೀತೆಂಬ ವಿಷಪರೀಕ್ಷೆಗಳೇ ಆಗ ಮುಗಿದಿರಲಿಲ್ಲ. ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಖಾಸಗಿ ವೈದ್ಯರು ಇದನ್ನು ಬಳಸುತ್ತಿದ್ದಾಗ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಧ್ಯಾಪಕರು ಮತ್ತು ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆಯವರು ಸುಪ್ರೀಂ ಕೋರ್ಟಿನ ಮೊರೆಹೋದರು. 1998ರಲ್ಲಿ ನಿಷೇಧ ಬಂದಿತು. ಅಮೆರಿಕದಲ್ಲಿ 2002ರಲ್ಲಿ ಅನುಮತಿ ಪಡೆದ, ಅಂಡನಾಳದಲ್ಲಿ ಲೋಹದ ಸುರುಳಿ ಕೂರಿಸುವ 'ಎಷ್ಯೂರ್' ಕೂಡ, ನೋವು ರಕ್ತಸ್ರಾವಗಳ ದೂರುಗಳು ಬೆಳೆದು, 2018ರ ಕೊನೆಗೆ ಅಲ್ಲಿನ ಮಾರುಕಟ್ಟೆಯಿಂದ ಮರೆಯಾಯಿತು.

ಗರ್ಭ ನಿಲ್ಲದಿರುವುದು ಜನಸಂಖ್ಯೆಯ ಲೆಕ್ಕ ಇಡುವವರಿಗೆ ಪೂರ್ಣಫಲ. ದೇಹವನ್ನೇ ಒಪ್ಪಿಸಿದವಳಿಗೆ ಅದು ಫಲದ ಒಂದು ಅಂಶ ಮಾತ್ರ, ಉಳಿದದ್ದು ಅವಳ ಆರೋಗ್ಯ. ಇಲ್ಲಿ ವೈದ್ಯರು ಋತ್ವಿಜರು, ಅವಳೇ ಯಜಮಾನಿ. ಅವಳ ತಿಳಿದ ಒಪ್ಪಿಗೆಯೇ ಸಂಕಲ್ಪ. ದಂಪತಿಗಳಿಬ್ಬರಿಗೂ ಕರ್ಮದಲ್ಲಿ ಅಧಿಕಾರವೆನ್ನುವ ಶಾಸ್ತ್ರವನ್ನು ಗೌರವಿಸುವ ನಾಡಿನಲ್ಲಿ ಗಂಡಸರ ಸಂತಾನಹರಣ ಚಿಕಿತ್ಸೆ ಇಷ್ಟು ವಿರಳವಾಗಿರುವುದು ವಿಚಿತ್ರವೇ ಸರಿ. ಛತ್ತೀಸ್‌ಗಢದ ಬಿಲಾಸ್ಪುರದ ಸಂತಾನಹರಣ ಶಿಬಿರಗಳಲ್ಲಿ 2014ರಲ್ಲಿ ಚಿಕಿತ್ಸೆ ಪಡೆದ ಹಲವು ಮಹಿಳೆಯರು ಸತ್ತ ಬಳಿಕ, 2016ರ ಸೆಪ್ಟೆಂಬರ್ 14ರಂದು ಇಂಥ ಶಿಬಿರಗಳ ಕುರಿತ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಪರಿಣಾಮಗಳನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಬೇಕೆಂದೂ, ಮನಸ್ಸು ಬದಲಿಸುವುದಿದ್ದರೆ ಬದಲಿಸಲು ಚಿಕಿತ್ಸೆಗೆ ಬಂದವಳಿಗೆ ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕೆಂದೂ ಆದೇಶಿಸಿತು.